ಮೊದಲ ವಾರದ ಪುಟ ಹರಿದು ಹಾಕಬೇಡಿ

ಓದುಗರ ಪತ್ರ

ಸಂಪಾದಕರಿಗೆ ನಮಸ್ಕಾರ. ನಾವಿರುವುದು ನ್ಯೂಜೆರ್ಸಿಯಲ್ಲಿ. ಮಗನಿಗೆ ಹನ್ನೆರಡು ವರ್ಷ, ಏಳನೇ ಗ್ರೇಡ್. ಶಾಲೆಯಲ್ಲಿ ಲೋಯಿಸ್ ಲೌರಿ ಬರೆದ ‘ದಿ ಗಿವರ್’ ಕಾದಂಬರಿ ಓದಿಸುತ್ತಿದ್ದಾರೆ. ವಾರಕ್ಕೆ ನಾಲ್ಕು ಅಧ್ಯಾಯ ಓದಬೇಕು. ಪ್ರತಿ ಶುಕ್ರವಾರ ಅನಿಸಿದ್ದನ್ನು ಒಂದು ಪುಟ ಬರೆದು ಕೊಡಬೇಕು. ಇಲ್ಲಿಯವರೆಗಿನ ಐದು ಪುಟಗಳನ್ನು ಕನ್ನಡಕ್ಕೆ ಮಾಡಿ ಜೊತೆಗಿಟ್ಟಿದ್ದೇನೆ.

ಮೊದಲ ವಾರ ‘ಈ ಊರು ತುಂಬಾ ಚೆನ್ನಾಗಿದೆ, ನಾನೂ ಇಲ್ಲೇ ಇರಬೇಕಿತ್ತು’ ಎಂದು ಬರೆದಿದ್ದ. ಐದನೇ ವಾರಕ್ಕೆ ಬರೀ ಸಿಟ್ಟು. ಪೆನ್ಸಿಲ್ ಒತ್ತಿ ಒತ್ತಿ ಹಾಳೆ ತೂತಾಗಿದೆ. ಮೊದಲ ಪುಟ ಹರಿದು ಹಾಕುತ್ತೇನೆ ಅನ್ನುತ್ತಾನೆ. ನನಗೂ ಅದೇ ಸರಿ ಅನಿಸಿದೆ. ಪುಟಗಳನ್ನೆಲ್ಲ ಸೇರಿಸಿ ಪೋಷಕರ ಸಭೆಯಲ್ಲಿ ಇಡುತ್ತಾರಂತೆ. ಅಂಥ ಕೆಟ್ಟ ಊರನ್ನು ನನ್ನ ಮಗ ಹೊಗಳಿದ್ದಾನೆ ಅಂತ ನಾಲ್ಕು ಜನ ಓದಬೇಕಾ? ಮೊದಲ ಪುಟ ಬೇರೆ ಬರೆಸಲೇ?

ಐದನೇ ಪುಟದ ಕೊನೆಯಲ್ಲಿ ‘ಅಜ್ಜ ಹೋದಾಗಲೂ ನನಗೆ ಹೀಗೇ ಮಾಡಿದರು’ ಎಂದು ಬರೆದಿದ್ದಾನೆ. ಹೋದ ವರ್ಷ ಶಿವಮೊಗ್ಗದಲ್ಲಿ ನನ್ನ ತಂದೆ ತೀರಿಕೊಂಡರು. ಮಗನಿಗೆ ಪರೀಕ್ಷೆ ಇತ್ತು. ಅಜ್ಜನಿಗೆ ಹುಷಾರಿಲ್ಲ ಎಂದಷ್ಟೇ ಹೇಳಿ ನಾನೊಬ್ಬಳೇ ಬಂದು ಹೋದೆ. ಪರೀಕ್ಷೆ ಮುಗಿದ ಮೇಲೆ ತಿಳಿಸಿದೆವು. ಆ ಸಾಲಿಗೂ ಪುಸ್ತಕಕ್ಕೂ ಸಂಬಂಧವಿಲ್ಲ ಅಲ್ವಾ? ತೆಗೆಸಲೇ? ಇಷ್ಟಕ್ಕೂ ಇಂಥ ಪುಸ್ತಕ ಈ ವಯಸ್ಸಿಗೆ ಬೇಕಾ? ಮಗನ ಪುಟಗಳನ್ನು ನೀವು ಪ್ರಕಟಿಸಬಹುದೇ? ನನ್ನ ಹೆಸರು ಹಾಕಬೇಡಿ.

ಸಂಪಾದಕರ ಉತ್ತರ

ನಮಸ್ಕಾರ. ಮೊದಲು ಉತ್ತರ ಹೇಳಿಬಿಡುತ್ತೇನೆ, ಕಾರಣ ಆಮೇಲೆ. ಮೊದಲ ಪುಟ ಬೇರೆ ಬರೆಸಬೇಡಿ. ಕೊನೆಯ ಸಾಲು ತೆಗೆಸಬೇಡಿ. ಪುಸ್ತಕ ಮುಗಿಸಲಿ ಬಿಡಿ.

ಈ ಕಾದಂಬರಿ ಓದಿರದ ನಮ್ಮ ಓದುಗರಿಗೆ ಒಂದಿಷ್ಟು ಹೇಳಬೇಕು. ಇದು ಬಂದದ್ದು 1993ರಲ್ಲಿ. ಮರುವರ್ಷವೇ ಅಮೆರಿಕದ ಮಕ್ಕಳ ಸಾಹಿತ್ಯಕ್ಕೆ ಕೊಡುವ ನ್ಯೂಬೆರಿ ಪದಕ ಸಿಕ್ಕಿತು. ಕತೆ ಜೋನಸ್ ಎಂಬ ಹುಡುಗನದ್ದು. ಅವನ ಊರಿನಲ್ಲಿ ಹಸಿವಿಲ್ಲ, ಜಗಳವಿಲ್ಲ, ಚಳಿಮಳೆಯ ಕಾಟವಿಲ್ಲ. ಮನೆಗೆ ಒಂದು ಗಂಡು, ಒಂದು ಹೆಣ್ಣು ಮಗು. ಅದೂ ಅರ್ಜಿ ಹಾಕಿ ಪಡೆದದ್ದು. ಒಂಬತ್ತು ವರ್ಷಕ್ಕೆ ಎಲ್ಲರಿಗೂ ಸೈಕಲ್. ಹನ್ನೆರಡಕ್ಕೆ ಕೆಲಸ. ಯಾರಿಗೆ ಯಾವ ಕೆಲಸ ಅಂತ ಹಿರಿಯರ ಸಮಿತಿ ಗೊತ್ತು ಮಾಡುತ್ತದೆ. ಸಂಜೆ ಮನೆಮಂದಿ ಕೂತು ಅವತ್ತಿನ ಭಾವನೆಗಳನ್ನು ಹೇಳಿಕೊಳ್ಳಬೇಕು, ಬೆಳಿಗ್ಗೆ ಕನಸುಗಳನ್ನು. ತೀರಾ ವಯಸ್ಸಾದವರನ್ನು, ತಪ್ಪು ಮಾಡಿದವರನ್ನು, ಸರಿಯಾಗಿ ಬೆಳೆಯದ ಕೂಸುಗಳನ್ನು ‘ಬಿಡುಗಡೆ’ ಮಾಡುತ್ತಾರೆ. ಎಲ್ಲಿಗೆ ಅಂತ ಯಾರೂ ಕೆದಕುವುದಿಲ್ಲ. ಜೋನಸ್‌ಗೆ ಸಿಗುವ ಕೆಲಸ ಇಡೀ ಊರಿಗೆ ಒಬ್ಬರೇ ಮಾಡುವಂಥದ್ದು. ಊರು ಬೇಡವೆಂದು ಬಿಟ್ಟ ಹಳೆಯ ನೆನಪುಗಳನ್ನೆಲ್ಲ ಅವನು ಹೊರಬೇಕು. ಒಬ್ಬ ಮುದುಕ ಅವನ ಬೆನ್ನ ಮೇಲೆ ಕೈಯಿಟ್ಟು ಒಂದೊಂದನ್ನೇ ದಾಟಿಸುತ್ತಾನೆ. ಮೊದಲು ಹಿಮದ ಮೇಲೆ ಜಾರುಬಂಡಿ, ಹಿತವಾದ ಬಿಸಿಲು. ಆಮೇಲೆ ಮುರಿದ ಕಾಲು, ಯುದ್ಧ.

ಈಗ ನಿಮ್ಮ ಮಗನ ಮೊದಲ ಪುಟ. ಒಂದು ಭಾಗ ಇಲ್ಲಿ ಕೊಡುತ್ತೇನೆ:

‘ಇಲ್ಲಿ ಯಾರೂ ಯಾರನ್ನೂ ಗೇಲಿ ಮಾಡುವುದಿಲ್ಲ. ತಪ್ಪಾದರೆ ಕ್ಷಮಿಸಿ ಅಂತಾರೆ, ಎದುರಿನವರು ಕ್ಷಮಿಸಿದೆ ಅಂತಾರೆ, ಮುಗೀತು. ಮುದುಕರ ಮನೆಯಲ್ಲಿ ರೊಬರ್ಟೋ ಎಂಬ ತಾತನ ಬಿಡುಗಡೆ ಆಯಿತು. ಅವರ ಜೀವನದ ಕತೆಯನ್ನು ಎಲ್ಲರ ಮುಂದೆ ಹೇಳಿದರು. ಅವರೂ ಮಾತಾಡಿ, ಎಲ್ಲರಿಗೂ ಬೈ ಹೇಳಿ, ಒಂದು ಬಾಗಿಲಿನಿಂದ ಹೋದರು. ಇದು ನನಗೆ ತುಂಬಾ ಇಷ್ಟವಾಯಿತು. ಹೋಗುವವರಿಗೆ ಬೈ ಹೇಳಲು ಎಲ್ಲರಿಗೂ ಅವಕಾಶ ಸಿಕ್ಕಿತು.’

ಇದನ್ನು ಓದಿ ನಿಮಗೆ ಮುಜುಗರವಾಯಿತು ಅಂತೀರಿ. ಐದು ಪುಟಗಳಲ್ಲಿ ನನಗೆ ಹೆಚ್ಚು ಹಿಡಿಸಿದ್ದು ಇದೇ. ಆ ಊರು ಇಷ್ಟವಾಗಲಿ ಎಂದೇ ಲೌರಿ ಮೊದಲ ನಾಲ್ಕು ಅಧ್ಯಾಯ ಬರೆದಿದ್ದಾರೆ. ಅದು ಇಷ್ಟವಾಗದ ಹುಡುಗನಿಗೆ ಮುಂದೆ ಏನೂ ಆಗುವುದಿಲ್ಲ. ಸುಳಿವು ಇಲ್ಲದಿಲ್ಲ. ಶುರುವಿನಲ್ಲೇ ವಿಮಾನ ಓಡಿಸುವ ತರಬೇತಿಯಲ್ಲಿದ್ದ ಒಬ್ಬ ದಾರಿ ತಪ್ಪಿ ಊರಿನ ಮೇಲೆ ಹಾರುತ್ತಾನೆ. ಅವನನ್ನು ಬಿಡುಗಡೆ ಮಾಡುತ್ತೇವೆ ಎಂದು ಧ್ವನಿವರ್ಧಕ ಹೇಳುತ್ತದೆ. ಆ ದನಿಯಲ್ಲಿ ತಮಾಷೆಯಿದೆ. ಆ ಸಾಲನ್ನು ಮಕ್ಕಳು ದಾಟಿ ಹೋಗುತ್ತಾರೆ, ದೊಡ್ಡವರೂ ದಾಟಿ ಹೋಗುತ್ತಾರೆ. ನಿಮ್ಮ ಮಗನೂ ಹೋಗಿದ್ದಾನೆ.

ವಾರವಾರ ಬರೆಸುವುದರ ಲಾಭ ಇರುವುದೇ ಇಲ್ಲಿ. ಪುಸ್ತಕ ಪೂರ್ತಿ ಮುಗಿದ ಮೇಲೆ ಬರೆಸಿದ್ದರೆ ತರಗತಿಯ ಎಲ್ಲರೂ ‘ಸ್ವಾತಂತ್ರ್ಯವಿಲ್ಲದ ಸುಖ ಸುಖವಲ್ಲ’ ಎಂದು ಬರೆದು ಕೈತೊಳೆದುಕೊಳ್ಳುತ್ತಿದ್ದರು. ಗೈಡಿನಲ್ಲಿ ಸಿಗುವ ಉತ್ತರ ಅದು. ನೀವೂ ನಾನೂ ಅಂಥ ಶಾಲೆಯಲ್ಲೇ ಓದಿದವರು. ಈ ಮಾತನ್ನು ಯಾರು ಯಾರಿಗೆ ಹೇಳಿದರು, ಸಂದರ್ಭದೊಡನೆ ವಿವರಿಸಿ, ಸ್ವಾರಸ್ಯವೇನು? ಮೇಷ್ಟ್ರು ಬರೆಸಿದ ಸ್ವಾರಸ್ಯವನ್ನೇ ನಾವೂ ಬರೆದು ಮೂರಕ್ಕೆ ಮೂರು ತಗೊಂಡೆವು. ಪುಟ ‘ಸರಿ’ ಮಾಡಿಸಬೇಕು ಅಂತ ನಿಮಗೆ ಅನಿಸುವುದು ಅಲ್ಲಿಂದ ಬಂದ ಅಭ್ಯಾಸ ಇರಬಹುದು. ಅಮೆರಿಕದಲ್ಲಿ ಲೂಯಿಸ್ ರೋಸೆನ್‌ಬ್ಲಾಟ್ ಎಂಬ ವಿದ್ವಾಂಸೆ 1938ರಷ್ಟು ಹಿಂದೆಯೇ ಇದರ ಬಗ್ಗೆ ಒಂದು ಪುಸ್ತಕ ಬರೆದರು. ಅರ್ಥ ಅನ್ನುವುದು ಪುಸ್ತಕದೊಳಗೆ ರೆಡಿಯಾಗಿ ಕೂತಿರುವುದಿಲ್ಲ, ಓದುವವರು ತಮ್ಮ ಬದುಕನ್ನು ಜೊತೆಗಿಟ್ಟುಕೊಂಡು ಓದುವಾಗ ಹುಟ್ಟುತ್ತದೆ ಎನ್ನುವುದು ಅವರ ವಾದ. ನಿಮ್ಮ ಮಗನ ಟೀಚರ್ ಬರೆಸುತ್ತಿರುವ ಪುಟಗಳ ಹಿಂದೆ ಈ ವಿಚಾರ ಇದೆ.

ಎರಡನೇ ವಾರದ ಪುಟ ಸುಮ್ನೆ ತಮಾಷೆಯಾಗಿದೆ. ‘ನನಗೆ ಕೆಲಸ ಗೊತ್ತು ಮಾಡುವ ಸಮಿತಿ ನಮ್ಮ ಮನೆಯಲ್ಲೇ ಇದೆ, ಅದರಲ್ಲಿ ಇಬ್ಬರು ಸದಸ್ಯರು’ ಅಂತ ಬರೆದಿದ್ದಾನೆ. ನೀವು ಅದನ್ನು ಕನ್ನಡಕ್ಕೆ ಮಾಡುವಾಗ ನಕ್ಕಿರುತ್ತೀರಿ ಅಂದುಕೊಂಡಿದ್ದೇನೆ.

ಮೂರನೇ ವಾರದ್ದು ಹಾಗಲ್ಲ. ಹೊಸ ಕೆಲಸಕ್ಕೆ ಸೇರುವಾಗ ಜೋನಸ್‌ಗೆ ಒಂದು ಹಾಳೆ ಕೊಡುತ್ತಾರೆ. ಅದರಲ್ಲಿ ಎಂಟು ನಿಯಮ. ಎಂಟನೆಯದು, ನೀನು ಸುಳ್ಳು ಹೇಳಬಹುದು. ಚಿಕ್ಕಂದಿನಿಂದ ಒಂದು ಸುಳ್ಳೂ ಹೇಳದೆ ಬೆಳೆದ ಹುಡುಗ ಅವನು. ಹಾಳೆ ಹಿಡಿದು ಕೂತವನಿಗೆ ಒಂದು ಯೋಚನೆ ಬರುತ್ತದೆ. ಹನ್ನೆರಡು ತುಂಬಿದಾಗ ದೊಡ್ಡವರಿಗೆಲ್ಲ ಇದೇ ನಿಯಮ ಸಿಕ್ಕಿದ್ದರೆ? ಯಾರನ್ನು ಏನು ಬೇಕಾದರೂ ಕೇಳುವ ಹಕ್ಕು ಈಗ ಅವನಿಗಿದೆ. ನೀವು ಸುಳ್ಳು ಹೇಳುತ್ತೀರಾ ಅಂತ ಅಪ್ಪನನ್ನೇ ಕೇಳಬಹುದು. ಆದರೆ ಬರುವ ಉತ್ತರ ನಿಜ ಅಂತ ತಿಳಿಯುವುದು ಹೇಗೆ?

ಇಡೀ ಪುಸ್ತಕದಲ್ಲಿ ನನ್ನನ್ನು ಜಾಸ್ತಿ ಕಾಡಿದ ಜಾಗ ಇದು. ರಕ್ತವಿಲ್ಲ, ಕಿರುಚಾಟವಿಲ್ಲ, ಒಂದು ಹಾಳೆ ಅಷ್ಟೇ. ನಿಮ್ಮ ಮಗ ಅದನ್ನು ಓದಿದ ರಾತ್ರಿ ಊಟಕ್ಕೆ ಕೂತಾಗ ‘ಅಪ್ಪಾ, ನಿಮಗೆ ಹನ್ನೆರಡು ವರ್ಷ ಆದಾಗ ಯಾರಾದರೂ ಒಂದು ಹಾಳೆ ಕೊಟ್ಟಿದ್ದರಾ?’ ಅಂತ ಕೇಳಿದನಂತೆ. ನಿಮ್ಮ ಯಜಮಾನರು ಯಾವ ಹಾಳೆ ಅಂತ ನಕ್ಕು ಫೋನ್ ನೋಡಿದರಂತೆ. ಅವನು ಅದನ್ನೂ ಬರೆದಿದ್ದಾನೆ. ಬೈದು ಬರೆದಿಲ್ಲ, ನಡೆದದ್ದನ್ನು ಬರೆದಿದ್ದಾನೆ. ಈ ಪುಟ ಕಳಿಸುವಾಗ ನೀವು ಅಂಚಿನಲ್ಲಿ ‘ಅಪ್ಪ ಅಮ್ಮನ ಮೇಲೆ ಅನುಮಾನ ಕಲಿಸುವ ಪುಸ್ತಕ’ ಅಂತ ಗುರುತು ಹಾಕಿದ್ದೀರಿ. ಅವನಿಗೆ ಅನುಮಾನ ಮೊದಲೇ ಇತ್ತು ಅಂತ ನನಗೆ ಅನಿಸುತ್ತದೆ. ಕೇಳಲು ಒಂದು ದಾರಿ ಪುಸ್ತಕದಿಂದ ಸಿಕ್ಕಿತು.

ಬೇಗ ಮುಗಿಯಲಿ ಅಂತ ಸಿನಿಮಾ ತೋರಿಸೋಣವೇ ಎಂದು ನಿಮ್ಮ ಯಜಮಾನರು ಕೇಳಿದ್ದಾರೆ. 2014ರಲ್ಲಿ ಬಂದ ಸಿನಿಮಾ ಇದೆ. ಮೆರಿಲ್ ಸ್ಟ್ರೀಪ್, ಜೆಫ್ ಬ್ರಿಜಸ್ ಥರದ ದೊಡ್ಡ ನಟರಿದ್ದಾರೆ. ಈಗ ಬೇಡ. ಹುಡುಗನ ವಯಸ್ಸನ್ನೇ ಅದರಲ್ಲಿ ಜಾಸ್ತಿ ಮಾಡಿಬಿಟ್ಟಿದ್ದಾರೆ. ಇನ್ನೊಂದು ನಷ್ಟ ಅದಕ್ಕಿಂತ ದೊಡ್ಡದು. ಜೋನಸ್ ಗೆಳೆಯನ ಜೊತೆ ಸೇಬು ಎಸೆದಾಡುವಾಗ ಗಾಳಿಯಲ್ಲಿ ಅದು ಒಂದು ಕ್ಷಣ ಏನೋ ಬದಲಾದಂತೆ ಕಾಣುತ್ತದೆ. ಏನು ಅಂತ ಅವನಿಗೂ ಗೊತ್ತಾಗದು, ನಮಗೂ ಗೊತ್ತಾಗದು. ಹನ್ನೆರಡನೇ ಅಧ್ಯಾಯಕ್ಕೆ ಬಂದಾಗ ತಿಳಿಯುತ್ತದೆ. ಅವನು ಕಂಡದ್ದು ಕೆಂಪು. ಆ ಊರಿನ ಜನರಿಗೆ ಬಣ್ಣವೇ ಕಾಣುವುದಿಲ್ಲ. ಅಷ್ಟು ಹೊತ್ತು ನಾವು ಬಣ್ಣವಿಲ್ಲದ ಊರಿನಲ್ಲಿ ಓಡಾಡಿದ್ದೇವೆ, ನಮಗೆ ಗೊತ್ತೇ ಆಗಿಲ್ಲ! ಸಿನಿಮಾ ಶುರುವಾಗುವುದೇ ಕಪ್ಪುಬಿಳುಪಿನಲ್ಲಿ. ಮೊದಲ ನಿಮಿಷಕ್ಕೇ ಗುಟ್ಟು ರಟ್ಟು.

ನಾಲ್ಕನೇ ವಾರದ ಪುಟದಲ್ಲಿ ಐದೇ ಸಾಲಿದೆ. ಇನ್ನೂ ಬರೆಯಬೇಕಿತ್ತು ಅಂತ ಟೀಚರ್ ಷರಾ ಹಾಕಿದ್ದಾರೆ. ಹದಿನಾರನೇ ಅಧ್ಯಾಯದಲ್ಲಿ ಜೋನಸ್‌ಗೆ ಅಜ್ಜ ಅಜ್ಜಿ ಇರುವ ಒಂದು ಮನೆಯ ನೆನಪು ಸಿಗುತ್ತದೆ. ಅವನ ಊರಿನಲ್ಲಿ ಅಜ್ಜ ಅಜ್ಜಿ ಎನ್ನುವ ಸಂಬಂಧವೇ ಇಲ್ಲ. ಮನೆಗೆ ಬಂದು, ನೀವು ನನ್ನನ್ನು ಪ್ರೀತಿಸುತ್ತೀರಾ ಅಂತ ಅಪ್ಪ ಅಮ್ಮನನ್ನು ಕೇಳುತ್ತಾನೆ. ಅವರು ನಗುತ್ತಾರೆ, ಮಾತು ಸರಿಯಾಗಿ ಆಡು ಅನ್ನುತ್ತಾರೆ. ನಿಮ್ಮ ಮಗ ಬರೆದದ್ದು ಇಷ್ಟು:

‘ನಮ್ಮ ಮನೆಯಲ್ಲೂ ಆ ಮಾತು ಯಾರೂ ಹೇಳುವುದಿಲ್ಲ. ಅಜ್ಜ ಫೋನ್ ಮಾಡಿದಾಗಲೆಲ್ಲ ಅಲ್ಲೀಗ ಗಂಟೆ ಎಷ್ಟು ಅಂತ ಕೇಳುತ್ತಿದ್ದರು. ಎಷ್ಟು ಅಂತ ಅವರಿಗೆ ಗೊತ್ತಿತ್ತು. ಆದರೂ ಕೇಳುತ್ತಿದ್ದರು. ನಾನೂ ಹೇಳುತ್ತಿದ್ದೆ.’

ಟೀಚರ್ ಹೇಳಿದಂತೆ ಇದನ್ನು ಉದ್ದ ಮಾಡಬಾರದು. ಹೀಗೇ ಇರಲಿ.

ಐದನೇ ವಾರಕ್ಕೆ ಬರೋಣ. ಜೋನಸ್‌ನ ಅಪ್ಪ ಕೂಸುಗಳನ್ನು ನೋಡಿಕೊಳ್ಳುವ ಕೆಲಸದವನು. ತುಂಬಾ ಒಳ್ಳೆಯವನು, ಮೃದು. ಅವಳಿ ಕೂಸುಗಳು ಹುಟ್ಟಿದರೆ ಒಂದನ್ನು ಇಟ್ಟುಕೊಂಡು ಇನ್ನೊಂದನ್ನು ಬಿಡುಗಡೆ ಮಾಡಬೇಕು. ಅವತ್ತು ಬೆಳಿಗ್ಗೆ ಅಪ್ಪ ಮಾಡಿದ ಬಿಡುಗಡೆಯನ್ನು ಜೋನಸ್ ವಿಡಿಯೋದಲ್ಲಿ ನೋಡುತ್ತಾನೆ. ಅಪ್ಪ ಎರಡೂ ಕೂಸನ್ನು ತೂಕ ಹಾಕುತ್ತಾನೆ. ಹಗುರ ಇರುವುದಕ್ಕೆ ಹಣೆಯ ಮೇಲಿನ ನರಕ್ಕೆ ಸೂಜಿ ಚುಚ್ಚುತ್ತಾನೆ. ನೋವಾಯ್ತಾ ಅಂತ ಮುದ್ದು ಮಾಡುವ ದನಿಯಲ್ಲೇ ಮಾತಾಡುತ್ತಿರುತ್ತಾನೆ. ಕೂಸು ಅಲುಗಾಡುವುದು ನಿಲ್ಲುತ್ತದೆ. ರಟ್ಟಿನ ಪೆಟ್ಟಿಗೆಗೆ ಹಾಕಿ, ಕಸ ಹಾಕುವ ಕಿಂಡಿಗೆ ತಳ್ಳಿ, ಟಾಟಾ ಮಾಡುತ್ತಾನೆ.

‘ರೊಬರ್ಟೋ ತಾತ ಹೋದ ಬಾಗಿಲು ಯಾವುದು ಅಂತ ಈಗ ಗೊತ್ತಾಯಿತು. ನಾನು ಇಷ್ಟವಾಯಿತು ಅಂತ ಬರೆದಿದ್ದೆ. ಆ ಪುಟ ಹರಿದು ಹಾಕಬೇಕು. ನನಗೆ ಮೊದಲೇ ಯಾಕೆ ಯಾರೂ ಹೇಳಲಿಲ್ಲ? ಅಜ್ಜ ಹೋದಾಗಲೂ ನನಗೆ ಹೀಗೇ ಮಾಡಿದರು.’

ಆ ಸಾಲಿಗೂ ಪುಸ್ತಕಕ್ಕೂ ಸಂಬಂಧವಿಲ್ಲ ಅಂತೀರಿ. ಅವನ ಮೊದಲ ಪುಟವನ್ನು ಇನ್ನೊಂದು ಸಲ ಓದಿ. ಆ ಊರಿನಲ್ಲಿ ಹೊಗಳಬಹುದಾದದ್ದು ಬೇಕಾದಷ್ಟಿತ್ತು. ಅವನು ಆರಿಸಿಕೊಂಡದ್ದು ಒಬ್ಬ ಮುದುಕನ ಬೀಳ್ಕೊಡುಗೆಯನ್ನು. ಬೈ ಹೇಳಲು ಎಲ್ಲರಿಗೂ ಅವಕಾಶ ಸಿಕ್ಕಿತು ಅಂತ ಬರೆದ. ಅವನಿಗೆ ಸಿಕ್ಕಿರಲಿಲ್ಲ. ಒಂದು ವರ್ಷದಿಂದ ಹೊಟ್ಟೆಯಲ್ಲಿ ಇಟ್ಟುಕೊಂಡಿದ್ದ ಮಾತು ಮೊದಲ ವಾರವೇ ಹೊರಗೆ ಬಂದಿದೆ. ಪಾಪ, ಅವನಿಗೇ ಅದು ತಿಳಿದಿರಲಿಕ್ಕಿಲ್ಲ. ಆ ಪುಟ ಹರಿದರೆ ಐದನೇ ಪುಟದ ಸಿಟ್ಟು ಎಲ್ಲಿಂದ ಬಂತು ಅಂತ ಯಾರಿಗೂ ಗೊತ್ತಾಗುವುದಿಲ್ಲ. ಹೊಗಳಿದ್ದು ಈಗ ತಪ್ಪು ಅನಿಸಿದರೆ ಅಂಚಿನಲ್ಲಿ ಇವತ್ತಿನ ತಾರೀಖು ಹಾಕಿ ಎರಡು ಮಾತು ಬರೆಯಲಿ. ಅಳಿಸುವುದು ಬೇಡ. ಪೋಷಕರ ಸಭೆಯಲ್ಲಿ ಓದುವ ನಾಲ್ಕು ಜನರ ಚಿಂತೆ ಬಿಡಿ. ಅವರ ಮಕ್ಕಳ ಮೊದಲ ಪುಟದಲ್ಲೂ ಹೊಗಳಿಕೆಯೇ ಇರುತ್ತದೆ, ನೋಡುತ್ತಿರಿ.

ನೀವು ಮಾಡಿದ್ದನ್ನು ಜೋನಸ್‌ನ ಊರಿನವರು ಮಾಡಿದ್ದಕ್ಕೆ ಹೋಲಿಸುವ ಉದ್ದೇಶ ನನಗಿಲ್ಲ. ಪರೀಕ್ಷೆ ಇದ್ದಾಗ ಸಾವಿನ ಸುದ್ದಿ ಮುಚ್ಚಿಡುವುದು ನಮ್ಮ ಕಡೆ ಎಷ್ಟು ಮನೆಗಳಲ್ಲಿ ನಡೆದಿಲ್ಲ! ಒಳ್ಳೆಯದಕ್ಕೇ ಅಂತ ಮಾಡುತ್ತೇವೆ. ಅಷ್ಟು ದೂರದಿಂದ ಒಬ್ಬರೇ ವಿಮಾನ ಹತ್ತಿ ಬಂದು, ತಂದೆಯ ಕಾರ್ಯ ಮುಗಿಸಿ, ಮತ್ತೆ ಹೋಗಿ ಮಗನ ಎದುರು ಏನೂ ಆಗದವರಂತೆ ಇರಬೇಕಾದ ನಿಮ್ಮ ಕಷ್ಟ ನನಗೆ ಅರ್ಥವಾಗುತ್ತದೆ. ಆದರೆ ಅವನಿಗೆ ಈಗ ಪರೀಕ್ಷೆ ಇಲ್ಲ ಅಲ್ವಾ? ಆಗ ಹೇಳದೆ ಬಿಟ್ಟದ್ದನ್ನೆಲ್ಲ ಈಗ ಹೇಳಿ. ಕೊನೆಯ ದಿನಗಳಲ್ಲಿ ಅಜ್ಜ ಏನು ತಿನ್ನುತ್ತಿದ್ದರು, ಯಾರು ಹತ್ತಿರ ಇದ್ದರು, ಇವನನ್ನು ಕೇಳಿದರಾ, ಯಾವ ಹೊತ್ತಿಗೆ ಹೋದರು. ಆ ಹೊತ್ತಿಗೆ ನ್ಯೂಜೆರ್ಸಿಯಲ್ಲಿ ಗಂಟೆ ಎಷ್ಟಾಗಿತ್ತು ಅಂತ ಖಂಡಿತ ಕೇಳುತ್ತಾನೆ, ಲೆಕ್ಕ ಹಾಕಿಟ್ಟುಕೊಂಡಿರಿ. ಫೋಟೋ ಇದ್ದರೆ ತೋರಿಸಿ. ಅವನು ಅತ್ತರೆ ಅಳಲಿ, ನಿಮಗೂ ಅಳು ಬಂದರೆ ತಡೆಯಬೇಡಿ. ಯಜಮಾನರಿಗೂ ಒಂದು ಮಾತು. ಹಾಳೆಯ ಪ್ರಶ್ನೆಗೆ ಅವರ ಉತ್ತರ ಇನ್ನೂ ಬಾಕಿ ಇದೆ.

ಲೌರಿಯವರ ಬಗ್ಗೆ ಇಲ್ಲಿ ಎರಡು ವಿಷಯ ಹೇಳಬೇಕು. ಅವರು ಹುಟ್ಟಿದ್ದು 1937ರಲ್ಲಿ ಹವಾಯಿಯ ಹೊನೊಲುಲುವಿನಲ್ಲಿ. ತಂದೆ ಸೈನ್ಯದಲ್ಲಿ ದಂತವೈದ್ಯರು. ಎರಡನೇ ಮಹಾಯುದ್ಧ ಮುಗಿದ ಮೇಲೆ, ಲೌರಿಗೆ ಹನ್ನೊಂದು ವರ್ಷ ಇದ್ದಾಗ, ಮನೆಯವರೆಲ್ಲ ಟೋಕಿಯೋಗೆ ಹೋದರು. ಅಲ್ಲಿ ಅಮೆರಿಕನ್ನರಿಗಾಗಿಯೇ ಬೇಲಿ ಹಾಕಿದ ಒಂದು ಕಾಲೊನಿ. ಒಳಗೆ ಅಮೆರಿಕದಂಥದ್ದೇ ಮನೆಗಳು, ಅಮೆರಿಕದ್ದೇ ಊಟ. ಹುಡುಗಿ ಸೈಕಲ್ ಹತ್ತಿ ಗೇಟು ದಾಟಿ ಶಿಬುಯಾ ಬೀದಿಗಳಲ್ಲಿ ಸುತ್ತುತ್ತಿದ್ದಳು. ಈ ಕತೆಯನ್ನು 1994ರಲ್ಲಿ ಪದಕ ಪಡೆದಾಗಿನ ಭಾಷಣದಲ್ಲಿ ಅವರೇ ಹೇಳಿದ್ದಾರೆ. (ಬರೀ ನಮ್ಮವರೇ ಇರುವ ಅಪಾರ್ಟ್‌ಮೆಂಟ್ ಹುಡುಕಿ ಮನೆ ಮಾಡುವ ನಮ್ಮ ಜನ ಅದನ್ನು ಓದಿದರೆ ಸ್ವಲ್ಪ ಚುರುಕ್ ಅನ್ನಬಹುದು.)

ಎರಡನೆಯದೂ ಅದೇ ಭಾಷಣದಲ್ಲಿ ಬರುತ್ತದೆ. ವಯಸ್ಸಾದ ತಂದೆಗೆ ಮರೆವು ಶುರುವಾಗಿತ್ತು. ಗೋಡೆಯ ಮೇಲಿದ್ದ ಹಿರಿಯ ಮಗಳ ಫೋಟೋ ತೋರಿಸಿ, ಇವಳಿಗೆ ಏನಾಯಿತು, ನೆನಪಾಗುತ್ತಿಲ್ಲ ಅಂದರು. ಆಕೆ ಚಿಕ್ಕ ವಯಸ್ಸಿನಲ್ಲೇ ತೀರಿಕೊಂಡಿದ್ದಳು. ನೋವು ಮರೆತುಹೋದರೆ ಆರಾಮ. ಆದರೆ ಮಗಳೂ ಮರೆತು ಹೋಗುತ್ತಾಳಲ್ಲ? ಎಲ್ಲ ನೋವನ್ನೂ ಮರೆತು ಆರಾಮಾಗಿರುವ ಒಂದು ಊರನ್ನು ಲೌರಿ ಕಟ್ಟಿದ್ದರಲ್ಲಿ ಈ ಯೋಚನೆಗೂ ಪಾಲಿದೆ.

ಈ ವಯಸ್ಸಿಗೆ ಬೇಕಾ ಅಂತ ಕೇಳಿದ್ದೀರಿ. ಹಾಗೆ ಕೇಳಿದವರಲ್ಲಿ ನೀವು ಮೊದಲಿಗರೇನೂ ಅಲ್ಲ. 1990ರ ದಶಕದಲ್ಲಿ ಅಮೆರಿಕದಲ್ಲಿ ಅತಿ ಹೆಚ್ಚು ಆಕ್ಷೇಪಣೆ ಬಂದ ಪುಸ್ತಕಗಳ ಪಟ್ಟಿಯನ್ನು ಅಮೆರಿಕನ್ ಲೈಬ್ರರಿ ಅಸೋಸಿಯೇಷನ್ ಮಾಡಿದೆ. ಅದರಲ್ಲಿ ಈ ಪುಸ್ತಕ ಇದೆ. ಪದಕ ಕೊಟ್ಟದ್ದೂ ಅದೇ ಸಂಸ್ಥೆಯ ಮಕ್ಕಳ ವಿಭಾಗ! ತೀರಾ ಬೇಡ ಅನಿಸಿದರೆ ಟೀಚರ್ ಹತ್ತಿರ ಬೇರೆ ಪುಸ್ತಕ ಕೇಳಿ ನೋಡಬಹುದು, ಅಲ್ಲಿನ ಅನೇಕ ಶಾಲೆಗಳಲ್ಲಿ ಕೊಡುತ್ತಾರೆ. ಇಪ್ಪತ್ತು ಅಧ್ಯಾಯ ಓದಿದವನ ಕೈಯಿಂದ ಈಗ ಕಿತ್ತುಕೊಳ್ಳುವುದು ಮಾತ್ರ ಅನ್ಯಾಯ. ನಾವು ಮಕ್ಕಳಿಗೆ ಇಂಥವು ಹೇಳಿಯೇ ಇಲ್ಲವೇ? ಹರಿಶ್ಚಂದ್ರನ ಕತೆ ತಗೊಳ್ಳಿ. ಲೋಹಿತಾಶ್ವ ಹಾವು ಕಚ್ಚಿ ಸಾಯುತ್ತಾನೆ. ಚಂದ್ರಮತಿ ಮಗನ ಹೆಣ ಹೊತ್ತು ಸುಡುಗಾಡಿಗೆ ಬರುತ್ತಾಳೆ. ಕಾವಲಿಗಿದ್ದ ಗಂಡನೇ ಸುಂಕ ಕೇಳುತ್ತಾನೆ. ಶಾಲೆಯ ವಾರ್ಷಿಕೋತ್ಸವಗಳಲ್ಲಿ ಇದನ್ನೇ ನಾಟಕ ಆಡಿಸುತ್ತಿದ್ದೆವು, ಅದೂ ಐದನೇ ಕ್ಲಾಸಿನ ಮಕ್ಕಳಿಂದ. ಅಲ್ಲಿ ಕೊನೆಗೆ ದೇವರು ಬಂದು ಎಲ್ಲ ಸರಿಮಾಡುತ್ತಾನೆ, ಜೋನಸ್‌ನ ಊರಿಗೆ ದೇವರು ಬರುವುದಿಲ್ಲ. ಆ ಒಂದು ವ್ಯತ್ಯಾಸ ಸಣ್ಣದಲ್ಲ, ಒಪ್ಪುತ್ತೇನೆ.

ಪುಸ್ತಕವನ್ನು ಪೂರ್ತಿ ವಹಿಸಿಕೊಂಡು ಮಾತಾಡುತ್ತಿದ್ದೇನೆ ಅಂದುಕೊಳ್ಳಬೇಡಿ. ಬೆನ್ನ ಮೇಲೆ ಕೈಯಿಟ್ಟರೆ ನೆನಪು ದಾಟುವುದು ಹೇಗೆ, ಕೊಟ್ಟವರಿಗೆ ಆ ನೆನಪು ಯಾಕೆ ಉಳಿಯುವುದಿಲ್ಲ ಎನ್ನುವುದಕ್ಕೆ ಲೌರಿ ಉತ್ತರ ಕೊಡುವ ಗೋಜಿಗೆ ಹೋಗುವುದಿಲ್ಲ. ಸೇಬಿನ ಬಣ್ಣಕ್ಕೆ ಅಷ್ಟು ತಾಳ್ಮೆಯಿಂದ ಕಾಯಿಸಿದವರು ಕೊನೆಯ ಅಧ್ಯಾಯಗಳಲ್ಲಿ ಗಡಿಬಿಡಿ ಮಾಡುತ್ತಾರೆ. ನಿಮ್ಮ ಮಗನಿಗೂ ಹಾಗೇ ಅನಿಸಿದರೆ ಬರೆಯಲಿ. ಪದಕ ಬಂದ ಪುಸ್ತಕದ ಮೇಲೂ ತಕರಾರು ಎತ್ತಬಹುದು ಅಂತ ಈ ವಯಸ್ಸಿಗೇ ಗೊತ್ತಾದರೆ ಒಳ್ಳೆಯದೇ.

ಇನ್ನು ಉಳಿದಿರುವುದು ಮೂರೇ ಅಧ್ಯಾಯ, 21ರಿಂದ 23. ಈ ಸಂಚಿಕೆ ನಿಮ್ಮ ಕೈ ಸೇರುವ ಹೊತ್ತಿಗೆ ಮುಗಿಸಿರುತ್ತಾನೆ. ಆದರೂ ಕೊನೆ ಏನು ಅಂತ ನಾನು ಬರೆಯುವುದಿಲ್ಲ. ಆ ಕೊನೆಯ ಬಗ್ಗೆ ಓದಿದವರಲ್ಲಿ ಎರಡು ಪಕ್ಷಗಳಿವೆ. ನೀವೂ ಪುಸ್ತಕ ಓದಿ. ದಪ್ಪವೇನಿಲ್ಲ, ಒಂದು ಶನಿವಾರ ಭಾನುವಾರ ಸಾಕು. ಅವನು ಒಂದು ಪಕ್ಷ ಹಿಡಿದರೆ ನೀವು ಇನ್ನೊಂದು ಹಿಡಿದು ಜಗಳ ಆಡಿ. ಲೌರಿ ಇದೇ ಸಾಲಿನಲ್ಲಿ 2000, 2004, 2012ರಲ್ಲಿ ಇನ್ನೂ ಮೂರು ಕಾದಂಬರಿ ಬರೆದಿದ್ದಾರೆ. ತಕ್ಷಣ ತಂದುಕೊಡಬೇಡಿ. ಆ ಜಗಳಕ್ಕೆ ಅವುಗಳಲ್ಲಿ ತೀರ್ಪಿದೆ, ಇಷ್ಟು ಬೇಗ ಬೇಡ.

ಪುಟಗಳನ್ನು ಪ್ರಕಟಿಸುವ ವಿಚಾರ. ಇಲ್ಲಿ ಉದ್ಧರಿಸಿದ ಸಾಲುಗಳಿಗೆ ನೀವು ಮಗನನ್ನು ಕೇಳಿ ಫೋನಿನಲ್ಲಿ ಒಪ್ಪಿಗೆ ತಿಳಿಸಿದಿರಿ, ಅಷ್ಟನ್ನೇ ಬಳಸಿದ್ದೇನೆ. ಐದೂ ಪುಟ ಪೂರ್ತಿ ಹಾಕಬೇಕಾದರೆ ಅವನೇ ನಮಗೆ ಬರೆಯಲಿ, ಇಂಗ್ಲಿಷಿನಲ್ಲಾದರೂ ಸರಿ. ಬೇಡ ಅಂದರೆ ಬಲವಂತ ಮಾಡಬೇಡಿ. ಆರನೇ ಪುಟವನ್ನು ಅವನಾಗಿ ಕಳಿಸಿದರೆ ಮಾತ್ರ ಓದುತ್ತೇನೆ. ಹೋದ ಎರಡು ಸಂಚಿಕೆ ತಲುಪಿಲ್ಲ ಅಂತ ಬರೆದಿದ್ದೀರಿ. ಚಂದಾ ವಿಭಾಗಕ್ಕೆ ಹೇಳಿದ್ದೇನೆ, ಈ ಸಂಚಿಕೆಯ ಜೊತೆಗೇ ಅವನ್ನೂ ಕಳಿಸುತ್ತಾರೆ.

– ಸಂಪಾದಕ